ಮಳೆಗಾಲಕ್ಕೆ ಮುಂಚೆ ಊರಿನ ಫೋನುಗಳನ್ನು ಸಜ್ಜು ಮಾಡಿಕೊಳ್ಳುವುದು ಹೇಗೆ

ಕೊಡಗು, ಚಿಕ್ಕಮಗಳೂರು, ಸಕಲೇಶಪುರ, ಉತ್ತರ ಕನ್ನಡ, ಹೀಗೆ ಘಟ್ಟದ ಆಸುಪಾಸಿನಲ್ಲಿ ಇರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಗುಡ್ಡದ ಬುಡದಲ್ಲೋ ಹೊಳೆ ಪಕ್ಕದಲ್ಲೋ ಮನೆ ಇರುವ ಬೇರೆ ಕಡೆಯವರಿಗೂ ಮುಕ್ಕಾಲು ಪಾಲು ಉಪಯೋಗಕ್ಕೆ ಬರುತ್ತದೆ. ಹೊಸ ಆ್ಯಪ್ ಕಟ್ಟುವ ವಿಷಯ ಇಲ್ಲಿಲ್ಲ. ಈಗಾಗಲೇ ಎಲ್ಲರ ಜೇಬಿನಲ್ಲಿರುವ ಫೋನನ್ನೇ ಊರಿನವರೆಲ್ಲ ಸೇರಿ ಹೇಗೆ ಸಿದ್ಧ ಮಾಡಿಟ್ಟುಕೊಳ್ಳಬೇಕು ಅನ್ನುವುದಷ್ಟೇ.

2018ರ ಆಗಸ್ಟ್ ನಡುವಿನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲ, ಮೊಣ್ಣಂಗೇರಿ ಕಡೆ ಗುಡ್ಡಗಳು ಜರಿದವು. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ಹೆದ್ದಾರಿಯೇ ಬಂದಾಯಿತು. ಅದೇ ವಾರ ಕೇರಳ ಮುಳುಗಿತ್ತು. ಅಲ್ಲಿ ಸಾವಿರಾರು ಜನ ಮನೆ ಮಹಡಿ ಮೇಲೆ ನಿಂತು ವಾಟ್ಸ್‌ಆ್ಯಪ್‌ನಲ್ಲಿ, ಫೇಸ್‌ಬುಕ್‌ನಲ್ಲಿ ಸಹಾಯ ಕೇಳಿದರು. ಸರ್ಕಾರದ ಐಟಿ ವಿಭಾಗ ಮತ್ತು ಸ್ವಯಂಸೇವಕ ಎಂಜಿನಿಯರುಗಳು ಸೇರಿ ಕೇರಳ ರೆಸ್ಕ್ಯೂ ಅನ್ನುವ ವೆಬ್‌ಸೈಟ್ ಮಾಡಿದರು, ಮೀನುಗಾರರು ದೋಣಿಗಳನ್ನು ಲಾರಿಗೆ ಹಾಕಿಕೊಂಡು ಬಂದರು. ತುಂಬಾ ಜೀವ ಉಳಿಯಿತು. ಆದರೆ ಒಂದು ತೊಂದರೆ ಉದ್ದಕ್ಕೂ ಕಾಡಿತು. ಬೆಳಗ್ಗೆ ರಕ್ಷಣೆ ಆದವರ ಮೆಸೇಜ್ ಸಂಜೆಯೂ ಸುತ್ತುತ್ತಿತ್ತು. ಒಂದೇ ಮನೆಯ ಕೋರಿಕೆ ಹತ್ತು ಕಡೆಯಿಂದ ಬರುತ್ತಿತ್ತು. ದೋಣಿಯವರು ಅಲ್ಲಿಗೆ ಹೋಗಿ ನೋಡಿದರೆ ಮನೆ ಖಾಲಿ. ಆ ಹೊತ್ತಿಗೆ ಪಕ್ಕದ ಬೀದಿಯಲ್ಲಿ ಯಾರೋ ನಿಜವಾಗಿ ಕಾಯುತ್ತಿರುತ್ತಾರೆ.

ಹಾಗಾಗಿ ಮೆಸೇಜ್ ಎಷ್ಟು ಜನಕ್ಕೆ ತಲುಪಿತು ಅನ್ನುವುದಕ್ಕಿಂತ ಹಗ್ಗ, ದೋಣಿ, ಜೆಸಿಬಿ ಇರುವ ಒಬ್ಬರಿಗೆ ಅದರಿಂದ ಕೆಲಸ ಮಾಡಲು ಆಗುತ್ತದಾ ಅನ್ನುವುದನ್ನು ನೋಡಬೇಕು. ಅವರಿಗೆ ಬೇಕಾಗಿರುವುದು ಎಲ್ಲಿ, ಎಷ್ಟು ಹೊತ್ತಿಗೆ, ಎಷ್ಟು ಜನ, ಯಾವ ದಾರಿ. ಇದನ್ನು ಮಳೆ ಸುರಿಯುವಾಗ ಕಲಿಯಲು ಆಗುವುದಿಲ್ಲ. ಮೇ ತಿಂಗಳಲ್ಲೇ ಮಾಡಿ ಮುಗಿಸಬೇಕು.

ಮೊದಲು ಪಟ್ಟಿ

ಊರಲ್ಲಿ ಎಂಟು ಹತ್ತು ಮನೆಗೆ ಒಬ್ಬರನ್ನು ಗೊತ್ತು ಮಾಡಿ. ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್, ಹಾಲು ಡೇರಿಯವರು, ಸಂಘದ ಹೆಣ್ಣುಮಕ್ಕಳು, ಇವರಿಗೆ ಮನೆ ಮನೆಯ ಪರಿಚಯ ಇರುತ್ತದೆ. ಹುರುಪಿನ ಹುಡುಗರು ಬೇಕು, ಆದರೆ ಅವರಲ್ಲಿ ಜಾಸ್ತಿ ಜನ ಜೂನ್ ಬಂದರೆ ಕಾಲೇಜಿಗೆ, ಕೆಲಸಕ್ಕೆ ಅಂತ ಮೈಸೂರು, ಮಂಗಳೂರು ಸೇರಿರುತ್ತಾರೆ. ಮಳೆಗಾಲದಲ್ಲಿ ಊರಲ್ಲೇ ಇರುವವರನ್ನು ಆರಿಸಿ. ಒಬ್ಬೊಬ್ಬರಿಗೂ ಒಬ್ಬ ಬದಲಿ ಇರಲಿ.

ಅವರು ತಮ್ಮ ಪಾಲಿನ ಮನೆಗಳಿಗೆ ಹೋಗಿ ಬರೆದುಕೊಳ್ಳಬೇಕು. ಮನೆಯ ಹೆಸರು, ಎಷ್ಟು ಜನ, ಎರಡು ಫೋನ್ ನಂಬರ್, ಊರಿನ ಹೊರಗಿರುವ ಒಬ್ಬ ಸಂಬಂಧಿಕರ ನಂಬರ್. ನಡೆಯಲು ಆಗದವರು, ಬಸುರಿ, ಬಾಣಂತಿ, ಡಯಾಲಿಸಿಸ್ ಆಗುತ್ತಿರುವವರು, ಇನ್ಸುಲಿನ್ ತೆಗೆದುಕೊಳ್ಳುವವರು ಇದ್ದರೆ ಅದು. ದನ ಎಷ್ಟು ಅನ್ನುವುದನ್ನೂ ಬರೆಯಿರಿ, ಮರೆಯಬೇಡಿ. ಕೊಟ್ಟಿಗೆಯಲ್ಲಿ ಹಸು ಬಿಟ್ಟು ಬರಲ್ಲ ಅಂತ ಕೊನೆ ಗಳಿಗೆಯವರೆಗೂ ಕೂತುಬಿಡುವವರು ಪ್ರತಿ ಊರಲ್ಲೂ ಇದ್ದಾರೆ. ದನವನ್ನು ಎಲ್ಲಿಗೆ ಹೊಡೆದುಕೊಂಡು ಹೋಗುವುದು ಅಂತ ಮೊದಲೇ ಹೇಳಿದರೆ ಅವರೂ ಏಳುತ್ತಾರೆ.

ಕಾಫಿ ತೋಟಗಳ ಕಡೆ ಇರುವವರಿಗೆ ಒಂದು ಮಾತು. ಲೈನ್ ಮನೆಗಳನ್ನು, ಅಂದರೆ ಕೂಲಿಯವರ ಸಾಲುಮನೆಗಳನ್ನು, ಪಟ್ಟಿಯಿಂದ ಬಿಡಬೇಡಿ. ಅಸ್ಸಾಂ, ಜಾರ್ಖಂಡ್ ಕಡೆಯಿಂದ ಬಂದವರು ಅಲ್ಲಿರುತ್ತಾರೆ. ಅವರ ಹೆಸರು ಪಂಚಾಯಿತಿಯ ಯಾವ ಲೆಕ್ಕದಲ್ಲೂ ಇರುವುದಿಲ್ಲ, ಕನ್ನಡದಲ್ಲಿ ಬಂದ ಎಚ್ಚರಿಕೆ ಓದಲು ಬರುವುದಿಲ್ಲ, ಈ ಗುಡ್ಡ ಮಳೆಗಾಲದಲ್ಲಿ ಹೇಗಿರುತ್ತದೆ ಅಂತಲೂ ಗೊತ್ತಿರುವುದಿಲ್ಲ. ತೋಟದ ಲೆಕ್ಕ ಬರೆಯುವ ರೈಟರ್ ನಂಬರ್ ಜೊತೆಗೆ ಅವರಲ್ಲೇ ಒಬ್ಬರ ನಂಬರ್ ತೆಗೆದುಕೊಳ್ಳಿ. ಹಿಂದಿಯಲ್ಲಿ ಒಂದು ವಾಯ್ಸ್ ಮೆಸೇಜ್ ಈಗಲೇ ರೆಕಾರ್ಡ್ ಮಾಡಿಟ್ಟುಕೊಳ್ಳಿ: ‘ಈಗ ಹೊರಡಿ, ಶಾಲೆಗೆ ಬನ್ನಿ, ಈ ದಾರಿಯಲ್ಲಿ ಬನ್ನಿ.’ ಅರ್ಧ ನಿಮಿಷದ ಕೆಲಸ.

ಪಟ್ಟಿಯನ್ನು ಗೂಗಲ್ ಶೀಟ್‌ನಲ್ಲಿ ಹಾಕಿ, ಮೂರು ನಾಲ್ಕು ಜನರ ಫೋನಿನಲ್ಲಿ ಆಫ್‌ಲೈನ್ ತೆರೆಯುವ ಹಾಗೆ ಮಾಡಿ. ಜೊತೆಗೆ ಪ್ರಿಂಟ್ ತೆಗೆದು ಪ್ಲಾಸ್ಟಿಕ್ ಕವರಿನಲ್ಲಿ ಇಡಿ. ಫೋನು ನೀರಿಗೆ ಬಿದ್ದರೆ ಆ ಕಾಗದವೇ ಗತಿ. ಈ ಪಟ್ಟಿಯನ್ನು ಊರಿನ ದೊಡ್ಡ ಗ್ರೂಪಿಗೆ ಹಾಕಲೇಬಾರದು. ಯಾವ ಮನೆಯಲ್ಲಿ ವಯಸ್ಸಾದವರು ಒಬ್ಬರೇ ಇದ್ದಾರೆ ಅನ್ನುವ ಮಾಹಿತಿ ಕಂಡವರ ಕೈಗೆ ಸಿಗಬಾರದು ಅಲ್ವಾ? ಪಂಚಾಯಿತಿಯ ಪಿಡಿಒ ಮತ್ತು ಗ್ರಾಮ ಆಡಳಿತ ಅಧಿಕಾರಿಗೆ ಒಂದೊಂದು ಪ್ರತಿ ಕೊಡಿ. ಸಾಕು.

ಎಲ್ಲಿದ್ದೀರಿ ಅಂತ ಹೇಳುವುದು

ಜಾಸ್ತಿ ಹೊತ್ತು ಕಲಿಯಬೇಕಾಗಿರುವುದು ಇದನ್ನೇ. ಫೋನಿನ ಜಿಪಿಎಸ್‌ಗೆ ನೆಟ್‌ವರ್ಕ್ ಬೇಕಾಗಿಲ್ಲ, ಸಿಗ್ನಲ್ ಒಂದು ಕಡ್ಡಿ ಇಲ್ಲದಿದ್ದರೂ ಅದು ಉಪಗ್ರಹದಿಂದ ನೇರವಾಗಿ ಜಾಗ ಗೊತ್ತು ಮಾಡಿಕೊಳ್ಳುತ್ತದೆ. ಇದು ತುಂಬಾ ಜನಕ್ಕೆ ಗೊತ್ತಿಲ್ಲ. ಡೇಟಾ ಇಲ್ಲದಾಗ ಸ್ವಲ್ಪ ನಿಧಾನ, ಕೆಲವು ನಿಮಿಷ ಹಿಡಿಯಬಹುದು. ಹೆಂಚಿನ ಮನೆ ಒಳಗೆ, ದಟ್ಟ ಮರಗಳ ಕೆಳಗೆ ಸರಿಯಾಗಿ ಸಿಗುವುದಿಲ್ಲ. ಅಂಗಳಕ್ಕೆ ಬಂದು, ಆಕಾಶ ಕಾಣುವ ಕಡೆ ನಿಂತು ತೆಗೆಯಿರಿ.

ಗೂಗಲ್ ಮ್ಯಾಪ್ ತೆರೆದು ನೀಲಿ ಚುಕ್ಕಿ ಇರುವ ಜಾಗವನ್ನು ಬೆರಳಿನಿಂದ ಒತ್ತಿ ಹಿಡಿಯಿರಿ. ಕೆಂಪು ಪಿನ್ ಬೀಳುತ್ತದೆ, ಎರಡು ಅಂಕಿ ಕಾಣಿಸುತ್ತವೆ. ಮಡಿಕೇರಿ ಸುತ್ತಮುತ್ತ ಆದರೆ ಮೊದಲನೆಯದು 12.4 ಅಂತ, ಎರಡನೆಯದು 75.7 ಅಂತ ಶುರುವಾಗುತ್ತದೆ. ಎರಡರಲ್ಲೂ ದಶಮಾಂಶದ ಚುಕ್ಕಿ ಆದ ಮೇಲೆ ನಾಲ್ಕು ಸ್ಥಾನ ಇದ್ದರೆ ಸುಮಾರು 11 ಮೀಟರ್ ಒಳಗೆ ಜಾಗ ಸಿಗುತ್ತದೆ. ಒಂದು ಮನೆ ಹುಡುಕಲು ಅಷ್ಟು ಸಾಕು. ಅಂಕಿಗಳನ್ನು ಅದೇ ಕ್ರಮದಲ್ಲಿ ಬರೆಯಿರಿ, ಚಿಕ್ಕದು ಮೊದಲು, ದೊಡ್ಡದು ಆಮೇಲೆ. ಹಿಂದು ಮುಂದಾದರೆ ಮ್ಯಾಪ್ ನಿಮ್ಮನ್ನು ಉತ್ತರ ಧ್ರುವದ ಹತ್ತಿರದ ಸಮುದ್ರದಲ್ಲಿ ತೋರಿಸುತ್ತದೆ.

ವಾಟ್ಸ್‌ಆ್ಯಪ್‌ನಲ್ಲಿ ಲೊಕೇಶನ್ ಕಳಿಸುವುದಾದರೆ ‘ಕರೆಂಟ್ ಲೊಕೇಶನ್’ ಕಳಿಸಿ. ‘ಲೈವ್ ಲೊಕೇಶನ್’ ಬೇಡ, ಅದು ಬ್ಯಾಟರಿ ತಿನ್ನುತ್ತದೆ, ಡೇಟಾ ಕೈಕೊಟ್ಟ ಕೂಡಲೇ ನಿಂತುಹೋಗುತ್ತದೆ. ಕಳಿಸುವ ಮುಂಚೆ ಎಷ್ಟು ಮೀಟರ್ ನಿಖರ ಅಂತ ಕೆಳಗೆ ತೋರಿಸುತ್ತಿರುತ್ತದೆ. ಅದು ನೂರಾರು ಮೀಟರ್ ಇದ್ದರೆ ಒಂದೆರಡು ನಿಮಿಷ ಕಾಯಿರಿ, ಇಳಿಯುತ್ತದೆ. ಘಟ್ಟದಲ್ಲಿ ಇನ್ನೂರು ಮೀಟರ್ ಅಂದರೆ ಹೊಳೆಯ ಆಚೆ ದಡ ಆಗಬಹುದು, ಅಲ್ಲಿಗೆ ಹೋಗಿ ಬರಲು ಅರ್ಧ ದಿನ.

ಇನ್ನೂ ಒಳ್ಳೆಯ ದಾರಿ ಅಂದರೆ ಪ್ರತಿ ಮನೆಯ ಈ ಎರಡು ಅಂಕಿಗಳನ್ನು ಈಗಲೇ ತೆಗೆದು ಪಟ್ಟಿಯಲ್ಲಿ ಬರೆದಿಡುವುದು. ಮನೆಯಲ್ಲಿ ಕ್ಯಾಲೆಂಡರ್ ಪಕ್ಕ ಗೋಡೆಗೂ ಒಂದು ಚೀಟಿ ಅಂಟಿಸಿ. ಆಗ ಅಜ್ಜಿಯೊಬ್ಬರೇ ಇದ್ದು ಕೀಪ್ಯಾಡ್ ಫೋನಿನಿಂದ ಕರೆ ಮಾಡಿದರೂ ಓದಿ ಹೇಳಬಹುದು.

ಜೊತೆಗೆ ದಾರಿ. ತೋಟದೊಳಗಿನ ಜೀಪ್ ರಸ್ತೆ, ಕಾಲುದಾರಿ, ತೂಗುಸೇತುವೆ, ಇವು ಗೂಗಲ್ ಮ್ಯಾಪ್‌ನಲ್ಲಿ ಎಷ್ಟೋ ಕಡೆ ಇಲ್ಲ. ಓಪನ್ ಸ್ಟ್ರೀಟ್ ಮ್ಯಾಪ್‌ನಲ್ಲಿ ನೀವೇ ಸೇರಿಸಬಹುದು. ಆರ್ಗ್ಯಾನಿಕ್ ಮ್ಯಾಪ್ಸ್, ಓಸ್ಮ್ಯಾಂಡ್ ಅನ್ನುವ ಆ್ಯಪ್‌ಗಳಲ್ಲಿ ಅದು ನೆಟ್ ಇಲ್ಲದೆಯೂ ತೆರೆಯುತ್ತದೆ. ಇದು ಊರಿನ ಒಬ್ಬ ಹುಡುಗನೋ ಹುಡುಗಿಯೋ ಬೇಸಿಗೆ ರಜೆಯಲ್ಲಿ ಕೂತು ಮಾಡಬಹುದಾದ ಕೆಲಸ, ಮತ್ತು ನನ್ನ ಪ್ರಕಾರ ಇಡೀ ಪಟ್ಟಿಯಲ್ಲಿ ಹೊರಗಿನಿಂದ ಬರುವ ರಾಷ್ಟ್ರೀಯ ವಿಪತ್ತು ರಕ್ಷಣಾ ಪಡೆಯಾದ ಎನ್‌ಡಿಆರ್‌ಎಫ್‌ನವರಿಗೆ ಬಹಳ ಉಪಯೋಗಕ್ಕೆ ಬರುವುದು ಇದೇ. ಅವರಿಗೆ ನಿಮ್ಮ ಊರಿನ ಒಳದಾರಿ ಹೇಗೆ ಗೊತ್ತಿರಬೇಕು? ಹೆದ್ದಾರಿ ಮುಚ್ಚಿದಾಗ ಒಳದಾರಿಯೇ ದಾರಿ. ಗೂಗಲ್ ಮ್ಯಾಪ್ ಬಳಸುವವರೂ ನಿಮ್ಮ ತಾಲೂಕಿನ ಆಫ್‌ಲೈನ್ ಮ್ಯಾಪ್ ಇಳಿಸಿಟ್ಟುಕೊಳ್ಳಿ. ಅದಕ್ಕೆ ಅವಧಿ ಇರುತ್ತದೆ, ಮೇ ಕೊನೆಗೆ ಒಮ್ಮೆ ಅಪ್‌ಡೇಟ್ ಮಾಡಿ.

ಮೆಸೇಜ್ ಹೇಗೆ ಬರೆಯಬೇಕು

ಸಾಮಾನ್ಯವಾಗಿ ಬರುವ ಮೆಸೇಜ್ ಹೀಗಿರುತ್ತದೆ: ‘ಅರ್ಜೆಂಟ್! ಗುಡ್ಡ ಜರಿದಿದೆ, ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ, ದಯವಿಟ್ಟು ಎಲ್ಲರಿಗೂ ಶೇರ್ ಮಾಡಿ.’ ಬರೆದವರ ಸಂಕಟ ಅರ್ಥ ಆಗುತ್ತದೆ. ಆದರೆ ಇದನ್ನು ಓದಿ ಯಾರೂ ಯಾವ ಕಡೆಗೂ ಹೊರಡಲು ಆಗುವುದಿಲ್ಲ.

ಇದನ್ನೇ ಹೀಗೆ ಬರೆಯಬಹುದು: ‘22 ಜುಲೈ, ಬೆಳಗ್ಗೆ 6.40. ಊರು ಇಂಥದು, ಮನೆ ಇಂಥದು. 7 ಜನ, ಒಬ್ಬರು ನಡೆಯಲಾರರು, ಒಂದು ಕೂಸು. ಮನೆ ಹಿಂದಿನ ಗುಡ್ಡದ ಬರೆ ಜರಿದಿದೆ, ಈಗ ಅಂಗಳದಲ್ಲಿದ್ದೇವೆ. ಸೇತುವೆ ಕಡೆಯಿಂದ ಬರಲು ಆಗಲ್ಲ, ಶಾಲೆ ಕಡೆಯಿಂದ ಜೀಪ್ ಬರುತ್ತದೆ.’ ಕೊನೆಗೆ ಲೊಕೇಶನ್ ಅಂಕಿ, ಕರೆ ಮಾಡಬೇಕಾದ ನಂಬರ್. ಮೊದಲು ತಾರೀಕು, ಗಂಟೆ. ಏಕೆಂದರೆ ಮೆಸೇಜ್ ಫಾರ್ವರ್ಡ್ ಆದಾಗ ಯಾವತ್ತು ಬರೆದದ್ದು ಅಂತ ಗೊತ್ತಾಗುವುದಿಲ್ಲ, ಎರಡು ದಿನದ ಹಿಂದಿನದೂ ಈಗಿನ ಹಾಗೇ ಕಾಣುತ್ತದೆ.

ನೆಟ್‌ವರ್ಕ್ ಕುಂಟುತ್ತಿರುವಾಗ ಎಸ್ಎಂಎಸ್ ಬಳಸಿ. ಕರೆ ಸಿಗದಿದ್ದರೂ, ಡೇಟಾ ಓಡದಿದ್ದರೂ ಎಸ್ಎಂಎಸ್ ಎಷ್ಟೋ ಸಲ ಹೊರಟುಬಿಡುತ್ತದೆ. ಆದರೆ ಇಲ್ಲೊಂದು ಸೂಕ್ಷ್ಮ ಇದೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಒಂದು ಎಸ್ಎಂಎಸ್‌ಗೆ 160 ಅಕ್ಷರ ಹಿಡಿಯುತ್ತದೆ. ಕನ್ನಡ ಲಿಪಿಯಲ್ಲಿ ಬರೆದರೆ 70 ಮಾತ್ರ, ಅದರಲ್ಲೂ ಒತ್ತು, ಗುಣಿತ ಎಲ್ಲವನ್ನೂ ಬೇರೆ ಬೇರೆ ಅಕ್ಷರ ಅಂತಲೇ ಎಣಿಸುತ್ತದೆ. ‘ಸ್ತ್ರೀ’ ಅಂತ ಬರೆದರೆ ನಮಗೆ ಒಂದು ಅಕ್ಷರ, ಫೋನಿಗೆ ಆರು. 70 ದಾಟಿದರೆ ಮೆಸೇಜ್ ತುಂಡಾಗಿ ಹೋಗುತ್ತದೆ, ಸಿಗ್ನಲ್ ಸರಿಯಿಲ್ಲದಾಗ ಒಂದು ತುಂಡು ದಾರಿಯಲ್ಲೇ ನಿಂತುಬಿಡಬಹುದು. ನನಗೆ ಕನ್ನಡ ಲಿಪಿಯಲ್ಲೇ ಬರೆಯುವುದು ಇಷ್ಟ. ಆದರೂ ಜೀವದ ಪ್ರಶ್ನೆ ಬಂದಾಗ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದು ಕಳಿಸಿ ಅಂತಲೇ ಹೇಳುತ್ತೇನೆ. ನಾಲ್ಕೈದು ಮೆಸೇಜ್‌ಗಳನ್ನು ಮೊದಲೇ ಟೈಪ್ ಮಾಡಿ ಡ್ರಾಫ್ಟ್‌ನಲ್ಲಿ ಇಟ್ಟುಕೊಂಡರೆ ಆಮೇಲೆ ಗಂಟೆ, ಜನ ಎಷ್ಟು ಅನ್ನುವುದನ್ನು ಮಾತ್ರ ತುಂಬಿದರೆ ಆಯಿತು.

ಯಾರಿಗೆ ಹೇಳುವುದು

ಜೀವಕ್ಕೆ ಅಪಾಯ ಅಂದರೆ ಮೊದಲು 112. ನಿಮ್ಮ ಸಿಮ್‌ಗೆ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರ್ ಹತ್ತಿರ ಇದ್ದರೆ ಈ ಕರೆ ಹೋಗುತ್ತದೆ, ಸುಮ್ನೆ ಬಿಟ್ಟುಬಿಡಬೇಡಿ, ಹಚ್ಚಿ ನೋಡಿ. ಕರೆ ತೆಗೆಯುವವರು ನಿಮ್ಮ ಕಡೆಯವರೇ ಆಗಿರಬೇಕೆಂದಿಲ್ಲ. ಜಿಲ್ಲೆ, ತಾಲೂಕು, ಹೋಬಳಿ, ಊರು, ಈ ಕ್ರಮದಲ್ಲಿ ಹೇಳಿ. ಒಂದೇ ಹೆಸರಿನ ಊರು ನಮ್ಮಲ್ಲಿ ಎಷ್ಟಿಲ್ಲ! ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಗೆ 1077, ರಾಜ್ಯದ ಕೊಠಡಿಗೆ 1070, ಆಂಬುಲೆನ್ಸ್‌ಗೆ 108, ತಂತಿ ಕಡಿದು ಬಿದ್ದಿದ್ದರೆ 1912. ಜಿಲ್ಲೆಯ ಗಡಿಯಲ್ಲಿದ್ದರೆ 1077 ಪಕ್ಕದ ಜಿಲ್ಲೆಗೆ ಹೋಗಿಬಿಡಬಹುದು. ಅದಕ್ಕೇ ನಿಮ್ಮ ಜಿಲ್ಲಾ ಕಂಟ್ರೋಲ್ ರೂಮಿನ ಪೂರ್ತಿ ಲ್ಯಾಂಡ್‌ಲೈನ್ ನಂಬರನ್ನು, ನೋಡಲ್ ಅಧಿಕಾರಿಯ ನಂಬರನ್ನು ಜೂನ್ ಒಳಗೆ ಪಂಚಾಯಿತಿಯಿಂದ ಕೇಳಿ ತೆಗೆದುಕೊಳ್ಳಿ, ಒಮ್ಮೆ ಕರೆ ಮಾಡಿ ನೋಡಿ. ಹಳೆಯ ನಂಬರ್ ಆಗಿದ್ದರೆ ಈಗಲೇ ಗೊತ್ತಾಗಲಿ.

ಊರಿಗೆ ಎರಡು ವಾಟ್ಸ್‌ಆ್ಯಪ್ ಗ್ರೂಪ್ ಇರಲಿ. ಒಂದರಲ್ಲಿ ಅಡ್ಮಿನ್‌ಗಳು ಮಾತ್ರ ಬರೆಯಬೇಕು. ಎಚ್ಚರಿಕೆ, ರಸ್ತೆ ಬಂದ್, ಕಾಳಜಿ ಕೇಂದ್ರ ಎಲ್ಲಿ ತೆರೆದಿದೆ, ಅಷ್ಟೇ. ಗುಡ್ ಮಾರ್ನಿಂಗ್ ಹೂವು, ಹುಟ್ಟುಹಬ್ಬದ ಹಾರೈಕೆ ಅಲ್ಲಿ ಬರಕೂಡದು. ಒಮ್ಮೆ ಅದು ಶುರುವಾದರೆ ಜನ ಮ್ಯೂಟ್ ಮಾಡುತ್ತಾರೆ, ಮ್ಯೂಟ್ ಮಾಡಿದ ಗ್ರೂಪಿನಲ್ಲಿ ಎಚ್ಚರಿಕೆ ಹಾಕಿ ಏನು ಪ್ರಯೋಜನ? ಇನ್ನೊಂದು ಗ್ರೂಪ್ ಮಾತುಕತೆಗೆ.

ಸಹಾಯದ ಕೋರಿಕೆಗಳನ್ನು ಒಂದೇ ಕಡೆ ಸೇರಿಸಲು ಇಬ್ಬರು ಬೇಕು. ಅವರು ಗುಡ್ಡ ಹತ್ತುವವರಲ್ಲ, ಸಿಗ್ನಲ್ ಇರುವ ಕಡೆ ಕೂರುವವರು. ಪ್ರತಿ ಕೋರಿಕೆಗೆ ಒಂದು ನಂಬರ್ ಕೊಡುತ್ತಾರೆ. ಅದೇ ಮನೆಯದು ಮತ್ತೆ ಬಂದರೆ ಅದೇ ನಂಬರಿಗೆ ಸೇರಿಸುತ್ತಾರೆ. ಮನೆಯವರಿಗೆ ಕರೆ ಮಾಡಿ ನಿಜವಾ ಅಂತ ಖಾತ್ರಿ ಮಾಡಿಕೊಳ್ಳುತ್ತಾರೆ, ಯಾರು ಹೊರಟಿದ್ದಾರೆ ಅಂತ ಬರೆಯುತ್ತಾರೆ, ಜನ ಸುರಕ್ಷಿತವಾಗಿ ಬಂದ ಮೇಲೆ ‘ನಂಬರ್ 14 ಮುಗಿದಿದೆ, 11.20ಕ್ಕೆ ಶಾಲೆಗೆ ಬಂದರು, ಇದನ್ನು ಇನ್ನು ಫಾರ್ವರ್ಡ್ ಮಾಡಬೇಡಿ’ ಅಂತ ಹಾಕುತ್ತಾರೆ. ಈ ಕೊನೆಯ ಮೆಸೇಜ್ ಮರೆತರೆ ಕೇರಳದಲ್ಲಿ ಆದ ಹಾಗೇ ಆಗುತ್ತದೆ. ಸಹಾಯ ಕೇಳಿ ಪೋಸ್ಟ್ ಹಾಕಿದವರೂ ಅಷ್ಟೇ. ರಕ್ಷಣೆ ಆದ ಕೂಡಲೇ ಡಿಲೀಟ್ ಮಾಡಿ, ಇಲ್ಲವೇ ಮೇಲೇ ‘ಮುಗಿದಿದೆ’ ಅಂತ ಬರೆಯಿರಿ.

ಗುಡ್ಡ ಹೇಳುವುದನ್ನು ಮೊದಲೇ ಕೇಳಿಸಿಕೊಳ್ಳಿ

ಕಾಫಿ ಬೆಳೆಗಾರರ ಮನೆಯಲ್ಲಿ ಮಳೆ ಅಳೆಯುವ ಡಬ್ಬ ಇದ್ದೇ ಇರುತ್ತದೆ. ಬೆಳಗ್ಗೆ ಎದ್ದು ನೋಡಿ ‘ನಮ್ಮಲ್ಲಿ ನಾಲ್ಕು ಇಂಚು ಇಪ್ಪತ್ತು ಸೆಂಟು, ನಿಮ್ಮಲ್ಲಿ?’ ಅಂತ ಕೇಳುವುದು ಹಳೆಯ ರೂಢಿ (ಇಂಚಿನ ನೂರನೇ ಒಂದು ಪಾಲು ಒಂದು ಸೆಂಟು). ಅದನ್ನೇ ಎಚ್ಚರಿಕೆ ವ್ಯವಸ್ಥೆ ಮಾಡಿಕೊಳ್ಳಬಹುದು. ಹವಾಮಾನ ಇಲಾಖೆಯ ಲೆಕ್ಕದಲ್ಲಿ ದಿನಕ್ಕೆ 115.6 ಮಿಲಿಮೀಟರ್ ದಾಟಿದರೆ ‘ಅತಿ ಭಾರಿ’, 204.5 ಮುಟ್ಟಿದರೆ ‘ಅತ್ಯಂತ ಭಾರಿ’. ನಮ್ಮ ಲೆಕ್ಕದಲ್ಲಿ ನಾಲ್ಕೂವರೆ ಇಂಚು, ಎಂಟು ಇಂಚು. ಗುಡ್ಡದ ಮೇಲಿನ ಎರಡು ಮೂರು ತೋಟದವರು ಜೋರು ಮಳೆಯ ದಿನ ಬೆಳಗ್ಗೆ ಒಂದೇ ಸಲ ನೋಡದೆ ಮೂರು ನಾಲ್ಕು ಗಂಟೆಗೊಮ್ಮೆ ನೋಡಿ ಗ್ರೂಪಿಗೆ ಹಾಕಲಿ. ಕೆಳಗಿನ ಹೊಳೆ ಪಕ್ಕದವರಿಗೆ ಮೇಲೆ ಎಷ್ಟು ಸುರಿಯುತ್ತಿದೆ ಅನ್ನುವುದು ಕಿಟಕಿಯಿಂದ ಕಾಣುವುದಿಲ್ಲ.

ಒಂದು ದಿನದ ಮಳೆ ಮಾತ್ರ ನೋಡಬೇಡಿ, ಹಿಂದಿನ ದಿನಗಳದ್ದೂ ಕೂಡಿಸಿ. ವಾರಗಟ್ಟಲೆ ನೀರು ಕುಡಿದು ನೆನೆದ ಗುಡ್ಡಕ್ಕೆ ಆಮೇಲೆ ಬರುವ ಸ್ವಲ್ಪ ಮಳೆಯೂ ಸಾಕು. ಪುನರ್ವಸು, ಪುಷ್ಯ ಚೆನ್ನಾಗಿ ಹೊಡೆದು ಆಶ್ಲೇಷ ಮಳೆಯೂ ಜೋರಾದರೆ ಆಗ ನಿದ್ದೆ ಮಾಡಬಾರದು.

ಫೋಟೋ ತೆಗೆದು ಕಳಿಸಬೇಕಾದ ಸಂಗತಿಗಳನ್ನು ಎಲ್ಲರಿಗೂ ಹೇಳಿಕೊಡಿ. ಅಂಗಳದಲ್ಲೋ ತೋಟದಲ್ಲೋ ಹೊಸ ಬಿರುಕು, ವಾಲುತ್ತಿರುವ ಮರ, ಕಂಬ, ಬೇಲಿ, ಗಟ್ಟಿಯಾಗಿ ಹಿಡಿಯುವ ಬಾಗಿಲು, ತಿಳಿಯಾಗಿ ಬರುತ್ತಿದ್ದ ಒರತೆ ಕೆಂಪಗಾಗುವುದು, ಮಳೆ ಬರುತ್ತಿದ್ದರೂ ತೋಡಿನಲ್ಲಿ ನೀರು ತಟ್ಟನೆ ಕಡಿಮೆಯಾಗುವುದು. ಈ ಕೊನೆಯದು ತುಂಬಾ ಅಪಾಯ. ಮೇಲೆಲ್ಲೋ ಮಣ್ಣು ಅಡ್ಡ ಬಿದ್ದು ನೀರು ಕಟ್ಟಿಕೊಂಡಿದೆ ಅಂತ ಅರ್ಥ. ಬಿರುಕಿನ ಫೋಟೋ ತೆಗೆಯುವಾಗ ಪಕ್ಕದಲ್ಲಿ ಒಂದು ಅಡಿಕೋಲು ಅಥವಾ ಕತ್ತಿ ಇಡಿ, ಮಾರನೇ ದಿನ ಅದೇ ಜಾಗದಿಂದ ಇನ್ನೊಂದು ತೆಗೆಯಿರಿ. ಎರಡನ್ನೂ ಪಕ್ಕ ಪಕ್ಕ ಇಟ್ಟರೆ ಬೆಳೆದಿದೆಯಾ ಇಲ್ಲವಾ ಅಂತ ಅಧಿಕಾರಿಗೂ ತೋರಿಸಬಹುದು. ಬಿರುಕು ಅಗಲವಾಗುತ್ತಿದ್ದರೆ, ನೀರು ತಟ್ಟನೆ ನಿಂತರೆ, ಯಾರ ಅನುಮತಿಗೂ ಕಾಯಬೇಡಿ. ಹೊರಡಿ, ಹೋಗುತ್ತಾ ಕರೆ ಮಾಡಿ.

ಸರ್ಕಾರದ ಕಡೆಯಿಂದ ಬರುವ ಎಚ್ಚರಿಕೆಗೆ ‘ಸಚೇತ್’ ಆ್ಯಪ್ ಹಾಕಿಕೊಳ್ಳಿ, ಸಿಡಿಲಿಗೆ ‘ದಾಮಿನಿ’ ಅಥವಾ ನಮ್ಮ ರಾಜ್ಯದ ‘ಸಿಡಿಲು’. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ವರುಣಮಿತ್ರ’ ಸಹಾಯವಾಣಿಯಲ್ಲಿ ನಿಮ್ಮ ಭಾಗದ ಮಳೆ ಬಗ್ಗೆ ಫೋನಿನಲ್ಲೇ ಕೇಳಬಹುದು. 2023ರ ಅಕ್ಟೋಬರ್ 12ರಂದು ರಾಜ್ಯದ ಫೋನುಗಳೆಲ್ಲ ಒಟ್ಟಿಗೆ ವಿಚಿತ್ರವಾಗಿ ಕಿರುಚಿದ್ದು ನೆನಪಿದೆಯಾ? ಅದು ಟವರ್ ಮೂಲಕ ಎಚ್ಚರಿಕೆ ಕಳಿಸುವ ವ್ಯವಸ್ಥೆಯ ಪರೀಕ್ಷೆ. ಅದಕ್ಕೆ ನಿಮ್ಮ ನಂಬರ್ ಬೇಕಾಗಿಲ್ಲ, ಆ ಟವರಿನ ಕೆಳಗಿರುವ ಎಲ್ಲ ಫೋನಿಗೂ ಒಂದೇ ಸಲ ಹೋಗುತ್ತದೆ. ಕಿರಿಕಿರಿ ಅಂತ ಆಫ್ ಮಾಡಿಟ್ಟಿದ್ದರೆ ಸೆಟ್ಟಿಂಗ್‌ನಲ್ಲಿ ಎಮರ್ಜೆನ್ಸಿ ಅಲರ್ಟ್ ಅಂತ ಹುಡುಕಿ ಮತ್ತೆ ಆನ್ ಮಾಡಿ.

ರಾತ್ರಿಯ ಸಮಸ್ಯೆಯೇ ಬೇರೆ. ವಯನಾಡಿನ ಮುಂಡಕ್ಕೈ, ಚೂರಲ್‌ಮಲದಲ್ಲಿ 2024ರ ಜುಲೈ 30ರಂದು ಗುಡ್ಡ ಬಂದದ್ದು ನಡುರಾತ್ರಿ ಕಳೆದ ಮೇಲೆ, ಮೊದಲ ಕುಸಿತ ಆಗಿ ಕೆಲವು ಗಂಟೆಗೆ ಇನ್ನೊಂದು ಬಂತು. ಆ ಹೊತ್ತಿನಲ್ಲಿ ವಾಟ್ಸ್‌ಆ್ಯಪ್ ಯಾರು ನೋಡುತ್ತಾರೆ? ಡೇಟಾ ಆಫ್ ಮಾಡಿ ಮಲಗುವವರೇ ಜಾಸ್ತಿ. ರಾತ್ರಿ ಎಚ್ಚರಿಕೆ ಅಂದರೆ ಕರೆಯೇ ಆಗಬೇಕು. ಹತ್ತು ಮನೆಯ ಜವಾಬ್ದಾರಿ ಇರುವವರು ತಮ್ಮ ಹತ್ತು ಮನೆಗೂ ಕರೆ ಮಾಡಬೇಕು, ತೆಗೆಯದಿದ್ದರೆ ಎರಡು ನಂಬರಿಗೂ, ಆಗಲೂ ತೆಗೆಯದಿದ್ದರೆ ಪಕ್ಕದ ಮನೆಯವರು ಹೋಗಿ ಬಾಗಿಲು ತಟ್ಟಬೇಕು. ಮನೆಯವರು ಆ ನಂಬರನ್ನು ಫೋನಿನಲ್ಲಿ ಸ್ಟಾರ್ ಹಾಕಿ ಉಳಿಸಿಕೊಂಡು, ಡು ನಾಟ್ ಡಿಸ್ಟರ್ಬ್ ಇದ್ದರೂ ಸ್ಟಾರ್ ನಂಬರ್‌ಗಳ ಕರೆ ರಿಂಗ್ ಆಗುವ ಹಾಗೆ ಸೆಟ್ಟಿಂಗ್ ಮಾಡಿಡಲಿ. ದೇವಸ್ಥಾನ, ಮಸೀದಿ, ಚರ್ಚಿನ ಮೈಕಿಗೆ ಬ್ಯಾಟರಿ ಇದೆಯಾ ಅಂತಲೂ ನೋಡಿ. ಫೋನ್ ಬಂತು ಅಂತ ಮೈಕ್ ಮರೆಯುವುದು ಸರಿಯಲ್ಲ.

ಕರೆಂಟ್ ಹೋದ ಮೇಲೆ

ಮಲೆನಾಡಿನಲ್ಲಿ ಮೊದಲು ಹೋಗುವುದು ಕರೆಂಟ್. ಆಮೇಲೆ ಟವರಿನ ಬ್ಯಾಟರಿ ಕೆಲವು ಗಂಟೆ ಎಳೆಯುತ್ತದೆ. ಜನರೇಟರಿಗೆ ಡೀಸೆಲ್ ತರುವ ದಾರಿಯಲ್ಲೇ ಮರ ಬಿದ್ದಿದ್ದರೆ ಟವರೂ ಮಲಗುತ್ತದೆ. ಅಂದರೆ ಕರೆಂಟ್ ಹೋದ ಮೊದಲ ಎರಡು ಗಂಟೆ ನಿಮ್ಮ ಕೈಯಲ್ಲಿರುವ ಒಳ್ಳೆಯ ಸಮಯ. ಆಗಲೇ ಎಲ್ಲ ಮನೆಗಳ ಸ್ಥಿತಿ ಕೇಳಿ ಮುಗಿಸಿ, ಹೊರಗಿರುವ ಸಂಬಂಧಿಕರಿಗೆ ‘ನೆಟ್‌ವರ್ಕ್ ಹೋಗಬಹುದು, ಗಾಬರಿ ಬೇಡ, ನಾವು ಇಂಥಲ್ಲಿ ಇರುತ್ತೇವೆ’ ಅಂತ ತಿಳಿಸಿಬಿಡಿ.

ಮನೆಗೆ ಒಂದಾದರೂ ಕೀಪ್ಯಾಡ್ ಫೋನ್ ಇರಲಿ, ಚಾರ್ಜ್ ದಿನಗಟ್ಟಲೆ ನಿಲ್ಲುತ್ತದೆ. ಮನೆಯ ಎಲ್ಲ ಸಿಮ್ ಒಂದೇ ಕಂಪನಿಯದಾಗಿರಬಾರದು. ದೊಡ್ಡ ವಿಪತ್ತಿನ ಸಮಯದಲ್ಲಿ ದೂರಸಂಪರ್ಕ ಇಲಾಖೆ ಆದೇಶ ಕೊಟ್ಟು ಒಂದು ಕಂಪನಿಯ ಗ್ರಾಹಕರು ಇನ್ನೊಂದರ ಟವರ್ ಬಳಸಲು ಬಿಡುವುದುಂಟು. ಹಾಗಾದಾಗ ಸೆಟ್ಟಿಂಗ್‌ಗೆ ಹೋಗಿ ನೆಟ್‌ವರ್ಕ್ ಹುಡುಕಿ, ಸಿಕ್ಕಿದ್ದನ್ನು ಕೈಯಾರೆ ಆರಿಸಿಕೊಳ್ಳಿ. ಸಿಗ್ನಲ್ ಇಲ್ಲದ ಕಡೆ ಫೋನ್ ಟವರ್ ಹುಡುಕುತ್ತಲೇ ಬ್ಯಾಟರಿ ಖಾಲಿ ಮಾಡುತ್ತದೆ, ಹಾಗಾಗಿ ಏರೋಪ್ಲೇನ್ ಮೋಡ್‌ನಲ್ಲಿಟ್ಟು ಗಂಟೆಗೊಮ್ಮೆ, ಸರಿಯಾಗಿ ಗಂಟೆಯಾದಾಗ, ಹತ್ತು ನಿಮಿಷ ತೆರೆಯಿರಿ. ಎಲ್ಲರೂ ಅದೇ ಹತ್ತು ನಿಮಿಷ ತೆರೆದರೆ ಒಬ್ಬರಿಗೊಬ್ಬರು ಸಿಗುತ್ತೀರಿ. ಜೀಪ್, ಕಾರು, ಟ್ರ್ಯಾಕ್ಟರಿನಿಂದ ಚಾರ್ಜ್ ಮಾಡುವ ಸಾಧನ ಊರಿಗೆ ನಾಲ್ಕಾದರೂ ಇರಲಿ. ಹೊರಗೆ ಹೋಗುವಾಗ ಫೋನನ್ನು ತೊಳೆದ ಹಾಲಿನ ಕವರಿಗೆ ಹಾಕಿ ರಬ್ಬರ್ ಬ್ಯಾಂಡ್ ಸುತ್ತಿ.

ಊರಿನ ಹೊರಗಿರುವವರು ಮಾಡಬಹುದಾದ್ದು

ಬೆಂಗಳೂರು, ಮೈಸೂರು, ದುಬೈನಲ್ಲಿ ಕೂತು ಊರಿನ ಚಿಂತೆ ಮಾಡುವವರೇ, ನಿಮ್ಮಲ್ಲಿ ಕರೆಂಟಿದೆ, ನೆಟ್ ಇದೆ. ಊರಲ್ಲಿ ಇಲ್ಲದ್ದೇ ಅದು. 2010ರ ಜನವರಿಯಲ್ಲಿ ಹೈಟಿಯಲ್ಲಿ ಭೂಕಂಪ ಆದಾಗ 4636 ಅನ್ನುವ ನಂಬರಿಗೆ ಜನ ಉಚಿತವಾಗಿ ಎಸ್ಎಂಎಸ್ ಕಳಿಸುವ ವ್ಯವಸ್ಥೆ ಮಾಡಿದರು. ಬಂದದ್ದೆಲ್ಲ ಅವರ ಕ್ರಿಯೋಲ್ ಭಾಷೆಯಲ್ಲಿ. ರಕ್ಷಣೆಗೆ ಬಂದ ವಿದೇಶಿಯರಿಗೆ ಅದು ಅರ್ಥ ಆಗಬೇಕಲ್ಲ? ಬೇರೆ ಬೇರೆ ದೇಶದಲ್ಲಿದ್ದ ಹೈಟಿಯವರು ಕಂಪ್ಯೂಟರ್ ಮುಂದೆ ಕೂತು ಅವನ್ನು ಅನುವಾದ ಮಾಡಿದರು, ಬೀದಿಯ ಹೆಸರು ಗುರುತು ಹಿಡಿದು ಮ್ಯಾಪಿನಲ್ಲಿ ಜಾಗ ತೋರಿಸಿದರು. ಊರು ಬಿಟ್ಟು ಹೋಗಿದ್ದವರಿಗೆ ಊರಿನ ಓಣಿ ಗೊತ್ತಿತ್ತು.

ನೀವೂ ಅದನ್ನೇ ಮಾಡಬಹುದು. ಕೋರಿಕೆಗಳನ್ನು ಒಂದೇ ಕಡೆ ಸೇರಿಸುವ, ಮೇಲೆ ಹೇಳಿದ ಇಬ್ಬರ ಕೆಲಸವನ್ನು ಹೊರಗಿನಿಂದಲೇ ಪಾಳಿ ಹಾಕಿಕೊಂಡು ನಡೆಸಿ. ಊರಿನ ಒಬ್ಬರಿಂದ ಎಸ್ಎಂಎಸ್ ಬಂದರೆ ಸಾಕು, ಕಂಟ್ರೋಲ್ ರೂಮಿಗೆ ಕರೆ ಮಾಡಿ ಲೈನ್ ಸಿಗುವವರೆಗೂ ಹಿಡಿಯುವುದು, ಶೀಟ್‌ನಲ್ಲಿ ಬರೆಯುವುದು, ಎಲ್ಲರ ಮನೆಯವರಿಗೂ ಉತ್ತರ ಹೇಳುವುದು ನಿಮ್ಮ ಪಾಲು. ಊರಿನವರಿಗೆ ಮೇಲಿಂದ ಮೇಲೆ ಕರೆ ಮಾಡಿ ‘ಹೇಗಿದ್ದೀರಿ, ವಿಡಿಯೋ ಕಳಿಸಿ’ ಅನ್ನಬೇಡಿ. ಅವರ ಕೊನೆಯ ಶೇಕಡಾ ಹತ್ತು ಚಾರ್ಜ್ ನಿಮ್ಮ ಕರೆಗೆ ಹೋಗಬಾರದು. ಒಂದು ನೆನಪಿರಲಿ, ಬೆಂಗಳೂರಿನಿಂದ ಬರೀ 1077 ಒತ್ತಿದರೆ ಬೆಂಗಳೂರಿನ ಕೊಠಡಿಗೇ ಹೋಗುತ್ತದೆ. ನಿಮ್ಮ ಜಿಲ್ಲೆಯ ಪೂರ್ತಿ ನಂಬರ್ ಬೇಕು.

ಸುಳ್ಳು ಸುದ್ದಿ ಬಗ್ಗೆ ಎರಡೇ ಮಾತು. 2018ರಲ್ಲಿ ಮುಲ್ಲಪೆರಿಯಾರ್ ಅಣೆಕಟ್ಟು ಬಿರುಕು ಬಿಟ್ಟಿದೆ ಅನ್ನುವ ಸುಳ್ಳು ಆಡಿಯೋ ಕೇರಳದಲ್ಲಿ ಹರಿದಾಡಿ, ಮೊದಲೇ ನೊಂದಿದ್ದ ಜನರನ್ನು ಇನ್ನಷ್ಟು ಹೆದರಿಸಿತು. ತಾರೀಕು ಇಲ್ಲದ, ಹೇಳಿದವರು ಯಾರು ಅಂತ ಗೊತ್ತಿಲ್ಲದ ಯಾವುದನ್ನೂ ಮುಂದೆ ಕಳಿಸಬೇಡಿ. ಹಣ ಕೇಳುವ ಕ್ಯೂಆರ್ ಕೋಡ್ ಬಂದರೆ ಅದು ಯಾರದು ಅಂತ ಕರೆ ಮಾಡಿ ಕೇಳದೆ ಒಂದು ರೂಪಾಯಿ ಹಾಕಬೇಡಿ. ತೀರಿಹೋದವರ ಫೋಟೋವನ್ನು ಗ್ರೂಪಿಗೆ ಹಾಕಲೇಬೇಡಿ, ಆ ಮನೆಯವರು ಅದೇ ಗ್ರೂಪಿನಲ್ಲಿರುತ್ತಾರೆ.

ಅಭ್ಯಾಸ, ಆಮೇಲಿನ ಕೆಲಸ

ಮೇ ಕೊನೆಯ ಒಂದು ಭಾನುವಾರ ಇಡೀ ಊರು ಒಮ್ಮೆ ಅಭ್ಯಾಸ ಮಾಡಿ. ಬೆಳಗ್ಗೆ ಒಬ್ಬರು ಕರೆ ಶುರು ಮಾಡಲಿ, ಕೊನೆಯ ಮನೆಗೆ ತಲುಪಲು ಎಷ್ಟು ಹೊತ್ತಾಯಿತು ನೋಡಿ. ಯಾರ ನಂಬರ್ ಬದಲಾಗಿದೆ, ಯಾವ ಮನೆಗೆ ಸಿಗ್ನಲ್ಲೇ ಇಲ್ಲ, ಎಲ್ಲ ಹೊರಗೆ ಬೀಳುತ್ತದೆ. ಸಿಗ್ನಲ್ ಇಲ್ಲದ ಮನೆಗೆ ಯಾರು ನಡೆದು ಹೋಗುತ್ತಾರೆ ಅಂತ ಅಲ್ಲೇ ತೀರ್ಮಾನ ಮಾಡಿ. ಅದೇ ದಿನ ಪ್ರತಿ ಮನೆಯ ಪಹಣಿ, ಆಧಾರ್, ಪಾಸ್‌ಬುಕ್ ಫೋಟೋ ತೆಗೆದಿಡಿ ಅಥವಾ ಡಿಜಿಲಾಕರ್‌ನಲ್ಲಿ ಸೇರಿಸಿ. ಮನೆ, ಕೊಟ್ಟಿಗೆ, ತೋಟದ ನಾಲ್ಕೂ ಕಡೆಯ ಫೋಟೋ ಕೂಡ. ಹಾಳಾದ ಮೇಲಿನ ಫೋಟೋ ಎಲ್ಲರೂ ತೆಗೆಯುತ್ತಾರೆ, ಮೊದಲು ಹೇಗಿತ್ತು ಅನ್ನುವುದು ಯಾರ ಹತ್ತಿರವೂ ಇರುವುದಿಲ್ಲ.

ನಷ್ಟ ಆದರೆ ತಾರೀಕು ಮತ್ತು ಜಾಗ ಫೋಟೋ ಮೇಲೇ ಮೂಡುವ ಕ್ಯಾಮರಾ ಆ್ಯಪ್ ಬಳಸಿ, ಕೆಸರು ಬಳಿದು ಹಾಕುವ ಮುಂಚೆ ತೆಗೆಯಿರಿ. ಸರ್ವೆ ನಂಬರ್ ಗೊತ್ತಾಗದಿದ್ದರೆ ‘ದಿಶಾಂಕ್’ ಆ್ಯಪ್ ತೆರೆದು ಆ ಜಾಗದಲ್ಲಿ ನಿಂತರೆ ತೋರಿಸುತ್ತದೆ, ಗಡಿ ಕಲ್ಲು ಮಣ್ಣಿನಡಿ ಹೋಗಿದ್ದರೂ ಕೂಡ. ಪರಿಹಾರದ ದುಡ್ಡು ಆಧಾರ್ ಜೋಡಣೆಯಾದ ಖಾತೆಗೆ ಬರುತ್ತದೆ, ಯಾವ ಬ್ಯಾಂಕಿನದು ಅಂತ ಮೊದಲೇ ಖಚಿತ ಮಾಡಿಕೊಳ್ಳಿ. ಮನೆ ಹಾನಿಯನ್ನು ಎ, ಬಿ, ಸಿ ಅಂತ ವರ್ಗ ಮಾಡುತ್ತಾರೆ. ನಿಮ್ಮದನ್ನು ಯಾವುದಕ್ಕೆ ಹಾಕಿದ್ದಾರೆ ಅಂತ ಕೇಳಿ ಬರೆದುಕೊಳ್ಳಿ, ಒಪ್ಪಿಗೆ ಇಲ್ಲದಿದ್ದರೆ ಫೋಟೋ ಸಮೇತ ಬರವಣಿಗೆಯಲ್ಲಿ ಅರ್ಜಿ ಕೊಡಿ.

ಕಾಳಜಿ ಕೇಂದ್ರ ಮುಚ್ಚಿ ಎಲ್ಲರೂ ಮನೆ ಸೇರಿದ ಮೇಲೆ ಗೂಗಲ್ ಶೀಟ್ ಯಾರ್‍ಯಾರಿಗೆ ಹಂಚಿದ್ದಿರೋ ಅವರ ಪ್ರವೇಶ ರದ್ದು ಮಾಡಿ, ಪ್ರಿಂಟ್ ಪ್ರತಿಗಳನ್ನು ವಾಪಸ್ ತೆಗೆದುಕೊಳ್ಳಿ. ಹೊಸ ಮನೆಗೆ ಹೋದವರು, ಹುಟ್ಟಿದ ಮಕ್ಕಳು, ಬದಲಾದ ನಂಬರ್‌ಗಳನ್ನು ದೀಪಾವಳಿ ಹೊತ್ತಿಗೆ ಒಮ್ಮೆ, ಮತ್ತೆ ಮೇ ತಿಂಗಳಲ್ಲಿ ಒಮ್ಮೆ ತಿದ್ದಿ.